ತೂಕ ಇಳಿಸುವ ಆಪರೇಷನ್ ಮುಗಿಸಿದವರಿಗೆ ಕೊಡುವ ನೀಲಿ ಚೀಲ: ಘಟ್ಟದ ಕೆಳಗಿನವರಿಗೆ ಎಷ್ಟು ಉಪಯೋಗ?

ಕ್ಯಾನ್ವಾಸಿನ ನೀಲಿ ಚೀಲ. ಜಿಪ್ ಗಟ್ಟಿ, ಹೊಲಿಗೆ ಅಚ್ಚುಕಟ್ಟು, ಮೇಲೆ ಅಳತೆ ಟೇಪು ಸುತ್ತಿದ ಸಪೂರ ಸೊಂಟದ ಚಿತ್ರ. ಘಟ್ಟದ ಮೇಲಿನ ಒಂದು ಖಾಸಗಿ ಆಸ್ಪತ್ರೆ ತೂಕ ಇಳಿಸುವ ಹೊಟ್ಟೆ ಆಪರೇಷನ್ನಿನ ಪ್ಯಾಕೇಜ್ ಜೊತೆ ಡಿಸ್ಚಾರ್ಜ್ ದಿನ ಕೈಗೆ ಕೊಡುವುದು ಇದನ್ನೇ. ಆಸ್ಪತ್ರೆಯ ಹೆಸರು ಬೇಡ. ಇಂಥ ಚೀಲ ಈಗ ಬೇರೆ ಕಡೆಯೂ ಕೊಡುತ್ತಾರೆ, ಒಳಗಿನ ಸಾಮಾನೂ ಹೆಚ್ಚುಕಮ್ಮಿ ಇವೇ. ಪಥ್ಯ ನೋಡುವವರು, ಔಷಧ ಅಂಗಡಿ ನಡೆಸುವವರು, ಕ್ಯಾಶುವಲ್ಟಿಯಲ್ಲಿ ರಾತ್ರಿಪಾಳಿ ಮಾಡುವವರು ಸೇರಿ ಕಾರವಾರದಲ್ಲಿ ಇದನ್ನು ಬಿಚ್ಚಿ ಒಂದೊಂದೇ ಸಾಮಾನು ಪರೀಕ್ಷಿಸಿದ್ದೇವೆ. ಇಟ್ಟುಕೊಂಡ ಅಳತೆಗೋಲು ಒಂದೇ: ಘಟ್ಟ ಇಳಿದು ಮನೆ ಸೇರಿದ ಮೇಲೆ ಏನಾದರೂ ಎಡವಟ್ಟಾದರೆ ಈ ಚೀಲ ಕೈ ಹಿಡಿಯುತ್ತದೆಯೇ?

ಹೀಗೆ ಕೇಳಲು ಕಾರಣವಿದೆ. ಈ ಆಪರೇಷನ್ ಆದವರು ಆಸ್ಪತ್ರೆಯಲ್ಲಿರುವುದು ಸಾಮಾನ್ಯವಾಗಿ ಎರಡು-ಮೂರು ದಿನ. ಮೊದಲ ದಿನಗಳ ರಕ್ತಸ್ರಾವ ಬಿಟ್ಟರೆ ಉಳಿದ ತೊಂದರೆಗಳಲ್ಲಿ ಹೆಚ್ಚಿನವು ತಲೆಯೆತ್ತುವುದು ಆಮೇಲೆ. ಅಷ್ಟರಲ್ಲಿ ರೋಗಿ ಕಾರವಾರದಲ್ಲೋ ಅಂಕೋಲೆಯಲ್ಲೋ ಹೊನ್ನಾವರದಲ್ಲೋ ಇರುತ್ತಾರೆ. ಆಪರೇಷನ್ ಮಾಡಿದ ಡಾಕ್ಟರು ಹುಬ್ಬಳ್ಳಿ, ಮಂಗಳೂರು ಅಥವಾ ಗೋವಾ ಕಡೆ. ಕಾರವಾರದಿಂದ ಹುಬ್ಬಳ್ಳಿಗೆ 160 ಕಿ.ಮೀ. ಮೇಲಾಗುತ್ತದೆ, ನಡುವೆ ಅರಬೈಲ್ ಘಟ್ಟ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ-66 ಎಷ್ಟೋ ದಿನ ಬಂದಾಗಿದ್ದು ಯಾರಿಗೂ ಮರೆತಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗಂತೂ ಹಳತು. ಆಸ್ಪತ್ರೆಯ ಹಿಂದಿನ ಓಣಿಯವರಿಗೆ ಸಾಕಾಗುವ ಚೀಲ ಗೋವಾ ಗಡಿಯ ಮಾಜಾಳಿಯವರಿಗೂ ಸಾಕಾಗಬೇಕೆಂದಿಲ್ಲ.

ಆಪರೇಷನ್ನಿನ ಬಗ್ಗೆಯೇ ನಮ್ಮ ತಕರಾರಿಲ್ಲ. ಅನುಭವಿ ಕೈಗಳಲ್ಲಿ ಇದರ ಜೀವಾಪಾಯ ಸಾವಿರಕ್ಕೆ ಒಂದರ ಆಸುಪಾಸು, ಪಿತ್ತಕೋಶ ತೆಗೆಯುವಷ್ಟೇ. ಸಕ್ಕರೆ ಕಾಯಿಲೆ, ಗೊರಕೆಯ ಉಸಿರುಗಟ್ಟು, ಮಂಡಿನೋವು ಇದರಿಂದ ಇಳಿಯುವುದು ನಿಜ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಎರಡು ಬಗೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಕೊಳವೆ ಉಳಿಸಿ ಸ್ಟೇಪ್ಲರ್ ಹೊಡೆಯುತ್ತಾರೆ. ಬೈಪಾಸ್‌ನಲ್ಲಿ ಮೇಲ್ಗಡೆ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ ಅದಕ್ಕೆ ಸಣ್ಣಕರುಳನ್ನು ಜೋಡಿಸುತ್ತಾರೆ. ಅನ್ನ ಮೂಲ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ಯಾವುದಾಗಿದೆ ಎಂಬುದರ ಮೇಲೆ ಮುಂದಿನ ತೊಂದರೆಗಳೂ ಬೇರೆಯಾಗುತ್ತವೆ. ಚೀಲದ ಮೇಲೆ ಮಾತ್ರ ಎರಡಕ್ಕೂ ಒಂದೇ ಚಿತ್ರ, ಒಳಗೆ ಎರಡಕ್ಕೂ ಒಂದೇ ಹಾಳೆ.

ಅಂಕ ಕೊಡಬಹುದಾದ ಸಾಮಾನು

ಚೀಲದಲ್ಲಿ ಎಲ್ಲಕ್ಕಿಂತ ಅಗ್ಗದ್ದೇ ಎಲ್ಲಕ್ಕಿಂತ ಒಳ್ಳೆಯದು: 30 ಮಿ.ಲೀ.ಗೆ ಗೆರೆ ಹಾಕಿದ ಪ್ಲಾಸ್ಟಿಕ್ ಕಪ್. ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರಲು ಸಾಮಾನ್ಯ ಕಾರಣಗಳಲ್ಲಿ ಒಂದು ನೀರು ಸಾಲದೆ ಹೋಗುವುದು. ಮೊದಲಿನ ಹಾಗೆ ಚೊಂಬೆತ್ತಿ ಗಟಗಟ ಕುಡಿಯಲು ಹೊಟ್ಟೆಯಲ್ಲಿ ಜಾಗವಿಲ್ಲ, ಕುಡಿದರೆ ಎದೆ ಹಿಡಿದುಕೊಂಡು ವಾಪಸ್ ಬರುತ್ತದೆ. ಕಾಲು ಗಂಟೆಗೊಂದು ಕಪ್ಪಿನಂತೆ ಎಚ್ಚರಿರುವ 16 ಗಂಟೆಗೆ 64 ಕಪ್, ಅಂದರೆ 1,920 ಮಿ.ಲೀ. ಬೇಕಾದದ್ದು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಲೆಕ್ಕ ಸರಿಹೋಗುತ್ತದೆ. ಆದರೆ ಏಪ್ರಿಲ್-ಮೇ ತಿಂಗಳ ಕರಾವಳಿಯ ಸೆಕೆಯಲ್ಲಿ ಬೆವರಿಗೇ ಬೇರೆ ಲೆಕ್ಕ ಇಡಬೇಕು. ಮೂತ್ರ ಕಡು ಹಳದಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಕಪ್ ಸಾಲುತ್ತಿಲ್ಲವೆಂದೇ ಅರ್ಥ. ಬರೀ ನೀರು ಬೇಸರವಾದವರಿಗೆ ಸೋಸಿದ ಗಂಜಿತಿಳಿ, ತೆಳು ಮಜ್ಜಿಗೆ, ಎಳನೀರು, ಸಕ್ಕರೆ ಹಾಕದ ಮುರುಗಲು ನೀರು ಆಗುತ್ತದೆ. ಒಗ್ಗರಣೆ, ಮೆಣಸು ತೆಗೆದು ಸೋಸಿದ ಅಪ್ಪೆಹುಳಿಯನ್ನೂ ಒಂದೆರಡು ವಾರ ಕಳೆದ ಮೇಲೆ ಕುಡಿಯಬಹುದು. ಸೋಡಾ ಬೇಡ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಪಾರಿನ್ ಸಿರಿಂಜು ಏಳು ಇವೆ, ಅದೂ ಒಳ್ಳೆಯದೇ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಈ ಆಪರೇಷನ್ನಿನ ನಂತರದ ಸಾವುಗಳಿಗೆ ಮುಖ್ಯ ಕಾರಣಗಳಲ್ಲೊಂದು, ಅಪಾಯ ತಿಂಗಳವರೆಗೂ ಇರುತ್ತದೆ. ತೂಕ ತೀರಾ ಹೆಚ್ಚಿದ್ದವರು, ಹಿಂದೆ ಕಾಲು ಬಾತು ಹೆಪ್ಪುಗಟ್ಟಿದ್ದವರು ಏಳು ದಿನ ಸಾಕೇ ಎಂದು ಡಾಕ್ಟರನ್ನು ಕೇಳಿಯೇ ಹೊರಡಬೇಕು. ಚುಚ್ಚುವುದು ಹೇಗೆಂದು ಮಾತ್ರ ಎಲ್ಲೂ ಬರೆದಿಲ್ಲ. ಹೊಕ್ಕುಳಿನಿಂದ ಎರಡು ಇಂಚು ಆಚೆ, ಗಾಯದ ಗುರುತು ಬಿಟ್ಟು, ಚರ್ಮವನ್ನು ಚಿವುಟಿ ಹಿಡಿದು ಸೂಜಿ ನೇರ ಇಳಿಸಬೇಕು. ಸಿರಿಂಜಿನೊಳಗಿನ ಗಾಳಿಗುಳ್ಳೆ ತೆಗೆಯಬಾರದು, ಚುಚ್ಚಿದ ಮೇಲೆ ತಿಕ್ಕಬಾರದು. ತಿಕ್ಕಿದರೆ ಅಂಗೈಯಗಲ ನೀಲಿಗಟ್ಟುತ್ತದೆ.

ಮನೆಗೆ ಬರುವ ದಾರಿಯ ಬಗ್ಗೆಯೂ ಎರಡು ಸಾಲು ಬೇಕಿತ್ತು. ನಾಲ್ಕು ತಾಸು ಕಾಲು ಮಡಚಿ ಕೂರುವ ಪ್ರಯಾಣ ಹೆಪ್ಪಿಗೆ ಹೇಳಿ ಮಾಡಿಸಿದ್ದು. ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಬೇಕು. ತಿರುವಿನಲ್ಲಿ ಓಕರಿಕೆ ಬರುವವರು ವಾಂತಿ ತಡೆಯುವ ಮಾತ್ರೆಯನ್ನು ಯಲ್ಲಾಪುರದಲ್ಲೇ ತಗೊಂಡು ಘಟ್ಟ ಇಳಿಯುವುದು ಲೇಸು. ಶಿರಸಿಯಿಂದ ದೇವಿಮನೆ ಘಟ್ಟದಲ್ಲಿ ಕುಮಟೆಗೆ ಇಳಿಯುವವರಿಗೂ ಇದೇ ಮಾತು. ಹಸಿ ಹೊಲಿಗೆಯ ಮೇಲೆ ಓಕರಿಸುವುದು ಯಾರಿಗೂ ಬೇಡ.

ಬಿಗಿ ಕಾಲುಚೀಲ ಒಂದು ಜೊತೆ, ಎಲ್ಲರಿಗೂ ಒಂದೇ ಅಳತೆ. ಮೀನಖಂಡದ ಸುತ್ತಳತೆ ನೋಡದೆ ಕೊಟ್ಟ ಕಾಲುಚೀಲ ಮೊಣಕಾಲಿನ ಕೆಳಗೆ ದಾರ ಕಟ್ಟಿದ ಹಾಗೆ ಕೂರುತ್ತದೆ. ಶ್ವಾಸಕೋಶದ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಉಸಿರೆಳೆಯುವ ಡಬ್ಬಿ ಸರಿಯಾಗಿದೆ.

120 ಎಂಬ ಅಂಕಿ

ಫೈಲಿನಲ್ಲಿ ಡಿಸ್ಚಾರ್ಜ್ ಸಮರಿ ಮೂರು ಪುಟ. ಕೊನೆಯಲ್ಲಿ ‘ಜ್ವರ, ಹೊಟ್ಟೆನೋವು ಬಂದರೆ ಸಂಪರ್ಕಿಸಿ’ ಎಂಬ ಒಂದು ಸಾಲು, ಪಕ್ಕದಲ್ಲಿ ಬೆಳಿಗ್ಗೆ 9ರಿಂದ ಸಂಜೆ 6ರವರೆಗಿನ ಒಂದು ಫೋನ್ ನಂಬರ್. ಇಡೀ ಚೀಲದಲ್ಲಿ ನಮಗೆ ಸಿಟ್ಟು ಬರಿಸಿದ್ದು ಇದೊಂದೇ ಸಾಲು.

ಹೆದರಬೇಕಾದ ತೊಂದರೆಯೆಂದರೆ ಸ್ಟೇಪ್ಲರ್ ಸಾಲು ಸೋರುವುದು. ಸ್ಲೀವ್‌ನಲ್ಲಿ ನೂರಕ್ಕೆ ಒಂದೆರಡು ಮಂದಿಗೆ ಆಗುತ್ತದೆ, ಅದೂ ಹೆಚ್ಚಾಗಿ ಅನ್ನನಾಳ ಬಂದು ಸೇರುವ ಮೇಲ್ತುದಿಯಲ್ಲೇ. ಅಲ್ಲಿ ಗೋಡೆ ತೆಳು, ರಕ್ತಸಂಚಾರ ಕಡಿಮೆ. ಕೆಳಗೆ ಜಠರದ ಬಾಗಿಲು ಹಿಂದಿನ ಹಾಗೇ ಬಿಗಿ, ಹಾಗಾಗಿ ಸಪೂರ ಕೊಳವೆಯೊಳಗೆ ಒತ್ತಡ ಏರುತ್ತದೆ. ಪೈಪಿನ ಕೆಳಬಾಯಿ ಒತ್ತಿ ಹಿಡಿದರೆ ಮೇಲಿನ ಜೋಡಣೆ ಬಿಚ್ಚುವ ಹಾಗೆ. ಆಗುವುದು ಬಹುತೇಕ ಮೂರನೇ ದಿನದಿಂದ ಹತ್ತನೇ ದಿನದೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ.

ಮೊದಲ ಸುಳಿವು ಕೊಡುವುದು ಎಷ್ಟೋ ಸಲ ನಾಡಿ. ಜ್ವರ, ನೋವು ಹಿಂದಿನಿಂದ ಬರಬಹುದು. ಕೊಬ್ಬಿನ ಹೊಟ್ಟೆ ಗಟ್ಟಿಯಾದದ್ದು ಕೈಗೂ ತಿಳಿಯದೆ ಇರಬಹುದು. ಸುಮ್ಮನೆ ಮಲಗಿದ್ದಾಗಲೂ ನಾಡಿ ನಿಮಿಷಕ್ಕೆ 120 ದಾಟಿ ಇಳಿಯದೆ ನಿಂತಿದ್ದರೆ, ಬೇರೆ ಕಾರಣ ಸಿಗುವವರೆಗೆ ಸೋರಿಕೆ ಎಂದೇ ಹಿಡಿದು ಸಿ.ಟಿ. ಸ್ಕ್ಯಾನೂ ಸರ್ಜನ್ನೂ ಇರುವ ಕಡೆ ಹೊರಡಬೇಕು. ಕೋವಿಡ್ ಕಾಲದಲ್ಲಿ ಕೊಂಡ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಎಷ್ಟೋ ಮನೆಯ ಕಪಾಟಿನಲ್ಲಿ ಬಿದ್ದಿದೆ, ಅದು ನಾಡಿಯನ್ನೂ ತೋರಿಸುತ್ತದೆ. ಶೆಲ್ ಬದಲಿಸಿ, ಮೊದಲ ಎರಡು ವಾರ ದಿನಕ್ಕೆ ಮೂರು ಸಲ ನೋಡಿ ಬರೆದಿಟ್ಟರೆ ಸಾಕು. ಒಂದು ಎಚ್ಚರ: ಬಿ.ಪಿ.ಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳುವವರಲ್ಲಿ ನಾಡಿ ಅಷ್ಟಾಗಿ ಏರುವುದಿಲ್ಲ, ಅವರಿಗೆ 100 ಕೂಡ ಹೆಚ್ಚೇ.

ಎಡ ಭುಜದ ನೋವನ್ನೂ ಬರೆಯಬೇಕಿತ್ತು. ದುರ್ಬೀನಿನ ಆಪರೇಷನ್ನಿಗೆ ಹೊಟ್ಟೆಗೆ ಗ್ಯಾಸ್ ತುಂಬುವುದರಿಂದ ಮೊದಲ ಎರಡು-ಮೂರು ದಿನ ಭುಜ ನೋಯುವುದು ಮಾಮೂಲು, ದಿನದಿಂದ ದಿನಕ್ಕೆ ಇಳಿಯುತ್ತದೆ. ನಿಂತುಹೋದ ನೋವು ಐದನೇ ದಿನ ಎಡ ಭುಜದಲ್ಲಿ ಹೊಸದಾಗಿ ಹುಟ್ಟಿದರೆ, ಜೊತೆಗೆ ಏದುಸಿರು ಬಂದರೆ ಅದು ಗ್ಯಾಸ್ ಅಲ್ಲ. ಸೋರಿದ್ದು ಎದೆ-ಹೊಟ್ಟೆಯ ನಡುವಿನ ಪರದೆಯಾದ ವಪೆಯ ಕೆಳಗೆ ಶೇಖರವಾಗಿರಬಹುದು. ಮೀನಖಂಡ ಒಂದೇ ಕಡೆ ಬಾತು ಬಿಸಿಯಾದರೆ, ಎದೆಯಲ್ಲಿ ಹಠಾತ್ತನೆ ಚುಚ್ಚಿ ಉಸಿರು ಸಿಗದಿದ್ದರೆ ಅದು ಹೆಪ್ಪಿನ ಲಕ್ಷಣ. ಕಪ್ಪು ಡಾಂಬರಿನಂಥ ಮಲ, ರಕ್ತದ ವಾಂತಿ ಎಂದರೆ ಒಳಗೆ ರಕ್ತ ಹೋಗುತ್ತಿದೆ. ಇವು ಯಾವುವೂ ಸಂಜೆ 6 ಗಂಟೆ ನೋಡಿಕೊಂಡು ಬರುವುದಿಲ್ಲ.

ಕ್ಯಾಶುವಲ್ಟಿಗೆ ತೋರಿಸುವ ಕಾರ್ಡ್ ಎಲ್ಲಿ?

ಚೀಲದಲ್ಲಿ ಇಲ್ಲದ, ಇರಲೇಬೇಕಾಗಿದ್ದ ವಸ್ತು ಕಿಸೆಯಲ್ಲಿಡುವ ಒಂದು ಕಾರ್ಡ್. ರಾತ್ರಿ ಹತ್ತಕ್ಕೆ ವಾಂತಿ ಮಾಡಿಕೊಂಡು ಹತ್ತಿರದ ಆಸ್ಪತ್ರೆಗೆ ಹೋದವರ ಹೊಟ್ಟೆಯ ಮೇಲೆ ಕಾಣುವುದು ಅರ್ಧ ಇಂಚಿನ ನಾಲ್ಕೈದು ಗುರುತು ಮಾತ್ರ. ಒಳಗೆ ಏನು ಎಲ್ಲಿಗೆ ಜೋಡಿಸಿದ್ದಾರೆಂದು ಡ್ಯೂಟಿ ಡಾಕ್ಟರಿಗೆ ತಿಳಿಯುವ ದಾರಿಯಿಲ್ಲ. ಅವರು ಸಹಜವಾಗಿ ಮಾಡುವ ಮೂರು ಕೆಲಸ, ಬೇರೆಯವರಿಗೆ ಸರಿಯಾದವು, ಇವರಿಗೆ ಕುತ್ತಾಗಬಹುದು.

ಮೊದಲನೆಯದು ಗ್ಲೂಕೋಸ್ ಬಾಟಲಿ. ಬಿ1 ಅಂದರೆ ಥಯಮಿನ್ ದೇಹದಲ್ಲಿ ಎರಡು-ಮೂರು ವಾರಕ್ಕಾಗುವಷ್ಟೇ ದಾಸ್ತಾನು ಇರುತ್ತದೆ. ಅಷ್ಟು ದಿನ ಸರಿಯಾಗಿ ಉಣ್ಣದೆ, ಉಂಡದ್ದೂ ವಾಂತಿಯಾಗಿ ಹೋದರೆ ಅದು ಬರಿದು. ಆ ಹೊತ್ತಿಗೆ ಗ್ಲೂಕೋಸ್ ಏರಿಸಿದರೆ ಅದನ್ನು ಅರಗಿಸಲು ಅಳಿದುಳಿದ ಬಿ1 ಕೂಡ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಕಣ್ಣುಗುಡ್ಡೆ ಅದುರುವುದು, ಒಂದು ಎರಡಾಗಿ ಕಾಣುವುದು, ಕುಡಿದವರ ಹಾಗೆ ತೂರಾಡುವುದು, ಮಾತು ಗಲಿಬಿಲಿಯಾಗುವುದು ಇದರ ಲಕ್ಷಣ. ಇದಕ್ಕೆ ವರ್ನಿಕೆ ಎಂಬ ಹೆಸರಿದೆ. ತಡವಾದರೆ ನೆನಪಿನ ಶಕ್ತಿ ಹೋದದ್ದು ವಾಪಸ್ ಬಾರದೆಯೂ ಇರಬಹುದು. ಮದ್ದು ದುಬಾರಿಯೇನಲ್ಲ: ಮೊದಲು ಥಯಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ತಡೆಯಲಿಕ್ಕಾದರೆ ದಿನಕ್ಕೆ 100 ಮಿ.ಗ್ರಾಂ, ಲಕ್ಷಣ ಕಾಣಿಸಿಕೊಂಡಿದ್ದರೆ ಅದರ ಎಷ್ಟೋ ಪಟ್ಟು ರಕ್ತನಾಳಕ್ಕೇ ಕೊಡಬೇಕು. ಅದು ಸಿಗುವವರೆಗೆ ನಾರ್ಮಲ್ ಸಲಾಯಿನ್ ಅಥವಾ ರಿಂಗರ್ ಲ್ಯಾಕ್ಟೇಟ್ ಹಾಕಿದರೆ ತೊಂದರೆಯಿಲ್ಲ. ‘ವಿಟಮಿನ್ ಹಾಕಿದ್ದೇವಲ್ಲ’ ಎಂದು ಹಳದಿ ಬಾಟಲಿ ತೋರಿಸುವುದುಂಟು. ಆ ಹಳದಿ ಬಿ2ರ ಬಣ್ಣ. ಅದರಲ್ಲಿ ಬಿ1 ಇದ್ದರೂ ಇಂಥ ಹೊತ್ತಿಗೆ ಬೇಕಾದಷ್ಟು ಇರುವುದಿಲ್ಲ. ಅಂದಹಾಗೆ ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಗಿಂತ ನಮ್ಮ ಕುಚ್ಚಲಕ್ಕಿಯಲ್ಲಿ ಬಿ1 ಹೆಚ್ಚು ಉಳಿದಿರುತ್ತದೆ, ಗಂಜಿಗೆ ಅದೇ ಮೇಲು. ಹಾಗೆಂದು ವಾಂತಿ ಮಾಡುತ್ತಿರುವವರಿಗೆ ಗಂಜಿಯೇ ಮದ್ದು ಎಂದುಕೊಳ್ಳಬಾರದು.

ಎರಡನೆಯದು ಮೂಗಿನಿಂದ ಇಳಿಸುವ ರೈಲ್ಸ್ ಟ್ಯೂಬ್. ಹಸಿ ಜೋಡಣೆಯ ಮೇಲೆ ಕುರುಡಾಗಿ ನಳಿಕೆ ಇಳಿಸಿದರೆ ತೂತು ಬೀಳುವ ಅಪಾಯವಿದೆ. ಮೂರನೆಯದು ಡೈಕ್ಲೊಫೆನಾಕ್ ಇಂಜೆಕ್ಷನ್. ಬೈಪಾಸ್ ಆದವರ ಜೋಡಣೆಯ ಬಾಯಲ್ಲಿ ಹುಣ್ಣು ಹುಟ್ಟಿಸುವ ಎರಡು ದೊಡ್ಡ ಕಾರಣ ಈ ಜಾತಿಯ ನೋವಿನ ಮಾತ್ರೆ ಮತ್ತು ಬೀಡಿ-ಸಿಗರೇಟು. ‘ಅಣ್ಣಾ, ಬೆನ್ನುನೋವಿಗೆ ಒಂದು ಮಾತ್ರೆ ಕೊಡಿ’ ಎಂದು ಅಂಗಡಿಯಲ್ಲಿ ಕೇಳಿದರೆ ಸಿಗುವುದೂ ಬಹಳ ಸಲ ಇದೇ ಜಾತಿ. ಪ್ಯಾರಾಸಿಟಮಾಲ್ ಆಗುತ್ತದೆ.

ಆಪರೇಷನ್ನಿನ ಹೆಸರು, ತಾರೀಕು, ಬೈಪಾಸ್ ಆಗಿದ್ದರೆ ಕರುಳಿನ ಎಷ್ಟು ಸೆಂ.ಮೀ. ಬಿಟ್ಟು ಜೋಡಿಸಿದ್ದಾರೆ, ಮೇಲಿನ ಮೂರು ಎಚ್ಚರ, ರಾತ್ರಿಯೂ ಎತ್ತುವ ಒಂದು ನಂಬರ್. ಕಾರ್ಡಿನಲ್ಲಿ ಐದು ಸಾಲು. ಚೀಲದ ಮೇಲಿನ ಸೊಂಟದ ಚಿತ್ರಕ್ಕೆ ಹಾಕಿದ ದುಡ್ಡಿನಲ್ಲಿ ಅಚ್ಚು ಹಾಕಿಸಬಹುದಿತ್ತು.

ಮಾತ್ರೆಯ ಲೆಕ್ಕ

ಕ್ಯಾಲ್ಸಿಯಂ ಸ್ಟ್ರಿಪ್ಪಿನ ಮೇಲೆ ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ’ ಎಂದಿದೆ. ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿ.ಗ್ರಾಂ. ಕಾರ್ಬೊನೇಟ್ ಕರಗಲು ಹುಳಿ ಬೇಕು. ಇವರ ಹೊಟ್ಟೆಯಲ್ಲಿ ಹುಳಿ ಮೊದಲೇ ಕಡಿಮೆ, ಮೇಲಿಂದ ಅದೇ ಚೀಲದಲ್ಲಿ ಹುಳಿ ನಿಲ್ಲಿಸುವ ಗ್ಯಾಸಿನ ಮಾತ್ರೆಯೂ ಇದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದ ಹಾಗೆ. ಕೊಡಬೇಕಾದದ್ದು ಸಿಟ್ರೇಟ್. ಅದರದ್ದೂ ಒಂದು ಲೆಕ್ಕವಿದೆ: ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ ಮಾತ್ರೆಯಲ್ಲಿ ಕ್ಯಾಲ್ಸಿಯಂ ಸುಮಾರು 210 ಮಾತ್ರ. ಆಹಾರವೂ ಸೇರಿ ದಿನಕ್ಕೆ 1,200ರಿಂದ 1,500 ಬೇಕು. ಅರ್ಧ ಲೀಟರ್ ಹಾಲು-ಮೊಸರು ಹೋಗುವವರಿಗೆ ಅದರಿಂದಲೇ 600ರಷ್ಟು ಬರುತ್ತದೆ, ಉಳಿದದ್ದಕ್ಕೆ ಮೂರು ಮಾತ್ರೆ. ಹಾಲು ಒಗ್ಗದವರಿಗೆ ಆರು. ಒಂದೇ ಸಲಕ್ಕೆ 500-600 ಮಿ.ಗ್ರಾಂಗಿಂತ ಹೆಚ್ಚು ದೇಹ ಹಿಡಿಯುವುದಿಲ್ಲವಾದ್ದರಿಂದ ಹಂಚಿ ನುಂಗಬೇಕು. ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ತಾಸು ಅಂತರ, ಚಹಾಕ್ಕೂ ಕಬ್ಬಿಣಕ್ಕೂ ಅಷ್ಟೇ. ಚೀಲದ ಹಾಳೆ ಎಲ್ಲ ಮಾತ್ರೆಯನ್ನೂ ‘ಬೆಳಿಗ್ಗೆ ತಿಂಡಿಯ ನಂತರ’ ಎಂಬ ಒಂದೇ ಗೂಡಿಗೆ ತುರುಕಿದೆ.

ಇನ್ನೊಂದು ಎಡವಟ್ಟು. ‘ಮೊದಲ ತಿಂಗಳು ಎಲ್ಲ ಮಾತ್ರೆ ಪುಡಿ ಮಾಡಿ ಕುಡಿಯಿರಿ’ ಎಂದು ಬರೆದು, ಜೊತೆಗೆ ಗ್ಯಾಸಿನ ಪ್ಯಾಂಟೊಪ್ರಜೋಲ್ ಮಾತ್ರೆ ಇಟ್ಟಿದ್ದಾರೆ. ಅದರ ಮೇಲಿನ ಲೇಪ ಹೊಟ್ಟೆಯ ಹುಳಿಯಿಂದ ಔಷಧವನ್ನು ಕಾಯುವುದಕ್ಕೇ ಇರುವುದು. ಪುಡಿ ಮಾಡಿದರೆ ಔಷಧ ಕೆಲಸಕ್ಕೆ ಬರುವುದಿಲ್ಲ. ಕಾಳುಗಳಿರುವ ಓಮೆಪ್ರಜೋಲ್ ಕ್ಯಾಪ್ಸೂಲ್ ಕೊಟ್ಟಿದ್ದರೆ ಬಿಚ್ಚಿ, ಕಾಳು ಅಗಿಯದೆ ನುಂಗಬಹುದಿತ್ತು. ಲೆಕ್ಕಕ್ಕೆ 30 ಮಾತ್ರೆ, ಒಂದು ತಿಂಗಳಿಗೆ. ಬೈಪಾಸ್ ಆದವರಿಗೆ ಕನಿಷ್ಠ ಮೂರು ತಿಂಗಳಾದರೂ ಬೇಕು. ಹೆಸರಿನ ಕೊನೆಗೆ ‘ಎಸ್‌ಆರ್’, ‘ಎಕ್ಸ್‌ಎಲ್’ ಎಂದಿರುವ ನಿಧಾನ ಕರಗುವ ಮಾತ್ರೆಗಳನ್ನೂ ಪುಡಿ ಮಾಡಬಾರದು, ಬದಲಿ ಕೇಳಬೇಕು.

ಸಮರಿಯಲ್ಲಿ ‘ಹಳೆಯ ಔಷಧ ಹಾಗೇ ಮುಂದುವರಿಸಿ’ ಎಂಬ ಸಾಲೂ ಇದೆ. ಅಪಾಯದ ಸಾಲು. ಆಪರೇಷನ್ ಆದ ವಾರದಲ್ಲೇ ಸಕ್ಕರೆ ಇಳಿಯತೊಡಗುತ್ತದೆ. ಹಳೆಯ ಪ್ರಮಾಣದಲ್ಲೇ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ನಡೆದರೆ ಬೆಳಗಿನ ಜಾವ ಬೆವತು ಪ್ರಜ್ಞೆ ತಪ್ಪುವುದೇ. ಬಿ.ಪಿ. ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದ್ದರೆ, ಮೊದಲೇ ನೀರು ಸಾಲದ ದೇಹ ಇನ್ನೂ ಒಣಗಿ ಕಿಡ್ನಿಗೆ ಹೊಡೆತ. ಇವೆರಡರ ಪ್ರಮಾಣವನ್ನು ಡಿಸ್ಚಾರ್ಜಿಗೆ ಮೊದಲೇ ಬರೆಸಿಕೊಳ್ಳಬೇಕು.

ಪಿತ್ತಕಲ್ಲಿನ ಮಾತ್ರೆ ಚೀಲದಲ್ಲೇ ಇಲ್ಲ. ತೂಕ ಭರದಿಂದ ಇಳಿಯುವಾಗ ಪಿತ್ತರಸದಲ್ಲಿ ಕೊಬ್ಬಿನಂಶ ಗಟ್ಟಿಯಾಗಿ ಕಲ್ಲಾಗುತ್ತದೆ. ಪಿತ್ತಕೋಶ ಇರುವವರಿಗೆ ಅರ್ಸೊಡಿಯಾಕ್ಸಿಕೋಲಿಕ್ ಆಮ್ಲದ 300 ಮಿ.ಗ್ರಾಂ ಮಾತ್ರೆ ದಿನಕ್ಕೆರಡರಂತೆ ಆರು ತಿಂಗಳು ಕೊಡುವ ರೂಢಿಯಿದೆ.

ಬಿ12ರ ಕೊರತೆ ಕಾಣಲು ವರ್ಷವೋ ಎರಡು ವರ್ಷವೋ ಹಿಡಿಯುತ್ತದೆ, ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ. ಅಷ್ಟರಲ್ಲಿ ಚೀಲ ಅಟ್ಟ ಸೇರಿರುತ್ತದೆ. ಅಂಗಾಲು ಜೋಮು ಹಿಡಿದರೆ ‘ಸಕ್ಕರೆ ಕಾಯಿಲೆಯದ್ದು’ ಎಂದುಕೊಂಡು ಬಿಡುವವರೇ ಹೆಚ್ಚು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಿಗೆ ಬಿ12 ಇನ್ನೂ ಕಡಿಮೆಯಾಗುತ್ತದೆ. ಬಾಯಿಗಾದರೆ ದಿನಕ್ಕೆ 350ರಿಂದ 1,000 ಮೈಕ್ರೋಗ್ರಾಂ, ಇಲ್ಲವೇ ತಿಂಗಳಿಗೊಂದು 1,000 ಮೈಕ್ರೋಗ್ರಾಂ ಇಂಜೆಕ್ಷನ್. ಮುಟ್ಟಾಗುವ ಹೆಂಗಸರಿಗೆ ಕಬ್ಬಿಣ 45ರಿಂದ 60 ಮಿ.ಗ್ರಾಂ, ಎಲ್ಲರಿಗೂ ಡಿ ವಿಟಮಿನ್ ದಿನಕ್ಕೆ 3,000 ಯೂನಿಟ್‌ನ ಸುಮಾರು. ಇದೆಲ್ಲ ಜೀವನಪೂರ್ತಿ. ಚೀಲದ ಮಲ್ಟಿವಿಟಮಿನ್ ಮುಗಿಯುವುದು ಮೂವತ್ತನೇ ದಿನ.

ಹಿಟ್ಟಿನ ಡಬ್ಬಿ, ಪಥ್ಯದ ಹಾಳೆ

400 ಗ್ರಾಂನ ಪ್ರೋಟೀನ್ ಡಬ್ಬಿಯ ಮುಂದುಗಡೆ ದಪ್ಪಕ್ಷರದಲ್ಲಿ ‘ಹೈ ಪ್ರೋಟೀನ್’. ಹಿಂದುಗಡೆ ಸಣ್ಣಕ್ಷರದಲ್ಲಿ 100 ಗ್ರಾಂಗೆ 34 ಗ್ರಾಂ. ಉಳಿದದ್ದರಲ್ಲಿ ಮುಕ್ಕಾಲು ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಮತ್ತು ಸಕ್ಕರೆ. 30 ಗ್ರಾಂನ ಒಂದು ಚಮಚೆಗೆ ಹತ್ತೇ ಗ್ರಾಂ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕಾದವರು ಇದೊಂದನ್ನೇ ನಂಬಿದರೆ ಆರು ಚಮಚೆ, ಡಬ್ಬಿ ಮೂರನೇ ದಿನಕ್ಕೇ ಖಾಲಿ. ಒಳ್ಳೆಯ ವೇ (ಹಾಲಿನ ಪ್ರೋಟೀನ್) ಪುಡಿಯಲ್ಲಿ ಅದೇ 30 ಗ್ರಾಂಗೆ 24 ಗ್ರಾಂ ಸಿಗುತ್ತದೆ. ಕೊಳ್ಳುವಾಗ ಡಬ್ಬಿಯನ್ನು ತಿರುಗಿಸಿ ನೋಡಿ.

ಪಥ್ಯದ ಹಾಳೆ ಲ್ಯಾಮಿನೇಟ್ ಮಾಡಿದ್ದು, ಅಡುಗೆಮನೆಯ ಕೈಗೆ ಹಾಳಾಗುವುದಿಲ್ಲ. ಎರಡು ವಾರ ದ್ರವ, ಆಮೇಲೆರಡು ವಾರ ಅರೆದದ್ದು, ಮತ್ತೆರಡು ವಾರ ಮೆತ್ತಗಿನದ್ದು, ಇಷ್ಟು ಹಂತ ಸರಿ. ಉಣ್ಣುವಾಗ ನೀರು ಬೇಡ, ಉಂಡು ಅರ್ಧ ಗಂಟೆ ಬಿಟ್ಟು ಕುಡಿಯಿರಿ ಎಂದದ್ದೂ ಸರಿ. ಆದರೆ ಜೋಳದ ನುಚ್ಚು, ಉಪ್ಪಿಟ್ಟು ಬಿಟ್ಟರೆ ಹಾಳೆಗೆ ಬೇರೆ ಊಟ ಗೊತ್ತಿಲ್ಲ. ಮೀನಿಗೆ ಒಂದು ಪದವಿಲ್ಲ. ಮೂರನೇ ವಾರದಿಂದ ಇಸ್ವಾಣವನ್ನೋ ಕಾಣೆಯನ್ನೋ ಹಬೆಯಲ್ಲಿ ಬೇಯಿಸಿ, ಮುಳ್ಳು ಆರಿಸಿ, ಚಮಚೆಯ ಬೆನ್ನಿನಿಂದ ಮಸೆದು ಕೊಡಬಹುದು. 50 ಗ್ರಾಂಗೆ ಹತ್ತು ಗ್ರಾಂ ಪ್ರೋಟೀನ್ ಬಂತು. ತಾರ್ಲೆಯ ಸಣ್ಣ ಮುಳ್ಳು ಆರು ವಾರ ಕಳೆಯಲಿ. ಸಿಗಡಿ, ಬಳಚು, ಬೊಂಡಾಸ ರಬ್ಬರಿನಂತೆ ಎಳೆಯುವುದರಿಂದ ಸಿಕ್ಕಿಹಾಕಿಕೊಳ್ಳುತ್ತವೆ, ಎರಡು ತಿಂಗಳು ದೂರ ಇಡುವುದು ಒಳ್ಳೆಯದು. ದಪ್ಪ ಕಾಯಿಹಾಲಿನ ಸಾರು ಜಿಡ್ಡಿಗೇ ಬೇಧಿಯಾಗಬಹುದು. ಬಾಳೆದಿಂಡಿನ ನಾರು ಗಂಟು ಕಟ್ಟುತ್ತದೆ. ಶಿರಸಿ ಕಡೆಯ ಸಸ್ಯಾಹಾರಿಗಳು ತಂಬುಳಿಯನ್ನು ಪಥ್ಯದ ರಾಜ ಎಂದುಕೊಳ್ಳುತ್ತಾರೆ. ಹೊಟ್ಟೆಗೆ ಹಿತ ಹೌದು, ಆದರೆ ಒಂದು ಲೋಟದಲ್ಲಿ ಪ್ರೋಟೀನ್ ಎರಡು-ಮೂರು ಗ್ರಾಂ. ಹೆಸರುಬೇಳೆ, ಪನೀರ್, ನೀರು ಬಸಿದ ಮೊಸರು ಇಲ್ಲದೆ ಅವರ ಲೆಕ್ಕ ಕೂಡುವುದಿಲ್ಲ.

ಸಕ್ಕರೆಯ ಬಗ್ಗೆ ಹಾಳೆಯಲ್ಲಿರುವುದು ‘ಸಿಹಿ ಬೇಡ’ ಎಂಬ ಎರಡೇ ಪದ. ಯಾಕೆ ಎಂದು ಹೇಳದಿದ್ದರೆ ಆಲೆಮನೆಯಲ್ಲಿ ಕೂತು ಕಬ್ಬಿನಹಾಲು ಬೇಡ ಅನ್ನುವವರು ಯಾರು? ಬೈಪಾಸ್ ಆದವರಲ್ಲಿ ಒಂದು ಲೋಟ ಕಬ್ಬಿನಹಾಲು ನೇರ ಕರುಳಿಗೆ ಸುರಿದಂತಾಗುತ್ತದೆ. ಹತ್ತರಿಂದ ಮೂವತ್ತು ನಿಮಿಷದಲ್ಲಿ ಎದೆ ಹೊಡೆದುಕೊಂಡು, ಬೆವತು, ಹೊಟ್ಟೆ ಹಿಂಡಿ, ಬೇಧಿ. ಎರಡನೇ ಕಂತು ಒಂದರಿಂದ ಮೂರು ತಾಸಿನ ಮೇಲೆ: ಇನ್ಸುಲಿನ್ ಹೆಚ್ಚಾಗಿ ಚಿಮ್ಮಿ ಸಕ್ಕರೆ ಪಾತಾಳಕ್ಕಿಳಿದು ಕೈ ನಡುಗುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಬೈಕ್ ಓಡಿಸುತ್ತಿರುವಾಗ ಇದು ಬಂದರೆ ಕಷ್ಟ. ಸ್ಲೀವ್‌ನಲ್ಲಿ ಇದು ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಬಾಟಲಿಯ ಮುರುಗಲು ಸಿರಪ್ಪು, ತೊಡದೇವು ಇದೇ ಪಟ್ಟಿಗೆ ಸೇರಿದವು. ಪೋಳೆಂ ಗಡಿ ದಾಟಿ ಗೋವಾಕ್ಕೆ ಕುಡಿಯಲು ಹೋಗುವವರಿಗೂ ಒಂದು ಮಾತು: ಬೈಪಾಸ್ ಆದ ಮೇಲೆ ಮದ್ಯ ಬೇಗ ಏರುತ್ತದೆ, ತಡವಾಗಿ ಇಳಿಯುತ್ತದೆ, ಚಟವಾಗಿ ಹಿಡಿಯುವ ಅಪಾಯವೂ ಮೊದಲಿಗಿಂತ ಹೆಚ್ಚು.

ವರ್ಷ ಕಳೆದ ಮೇಲಿನದ್ದು

ಚೀಲದ ದೃಷ್ಟಿ ಒಂದು ತಿಂಗಳಿಗಿಂತ ಆಚೆ ಹೋಗುವುದಿಲ್ಲ. ಜೋಡಣೆಯ ಬಾಯಿ ಬಿಗಿದು, ಮೊದಲು ಅನ್ನ ಆಮೇಲೆ ನೀರೂ ಇಳಿಯದಂತಾಗುವುದು ಸಾಮಾನ್ಯವಾಗಿ ನಾಲ್ಕರಿಂದ ಆರನೇ ವಾರದ ಹೊತ್ತಿಗೆ. ಎಂಡೋಸ್ಕೋಪಿಯಲ್ಲಿ ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಕೂದಲು ಉದುರುವುದು ಮೂರನೇ ತಿಂಗಳಿಂದ, ಬಹುತೇಕ ವಾಪಸ್ ಬರುತ್ತದೆ. ಸ್ಲೀವ್ ಆದವರಿಗೆ ಎದೆಯುರಿ ಹೊಸದಾಗಿ ಹುಟ್ಟಬಹುದು, ಇದ್ದದ್ದು ಹೆಚ್ಚಬಹುದು. ಮೊದಲೇ ಜೋರು ಎದೆಯುರಿ ಇರುವವರು ಸ್ಲೀವ್‌ಗೆ ಒಪ್ಪುವ ಮುಂಚೆ ಎಂಡೋಸ್ಕೋಪಿ ಮಾಡಿಸಿ ಬೈಪಾಸ್ ಸರಿಯೇ ಎಂದು ಕೇಳಬೇಕು.

ಬೈಪಾಸ್ ಆದವರಲ್ಲಿ ಎಲ್ಲಕ್ಕಿಂತ ಕಣ್ಣುತಪ್ಪುವುದು ಒಳಗಿನ ಹರ್ನಿಯಾ. ತೂಕ ಇಳಿದಂತೆ ಕರುಳಿನ ಪೊರೆಯ ಕೊಬ್ಬೂ ಕರಗಿ, ಜೋಡಿಸಿದ ಕಡೆಯ ಸಂದುಗಳು ಅಗಲವಾಗುತ್ತವೆ. ಅದರೊಳಗೆ ಕರುಳು ನುಸುಳಿ ತಿರುಚಿಕೊಳ್ಳುತ್ತದೆ. ಊಟದ ನಂತರ ಬಂದುಹೋಗಿ ಮಾಡುವ, ಹಿಂಡಿದಂಥ ನೋವು. ನೋವಿಲ್ಲದಾಗ ಸ್ಕ್ಯಾನ್ ಮಾಡಿದರೆ ಎಲ್ಲ ಸರಿಯೆಂದೇ ಬರಬಹುದು, ಆಗ ದುರ್ಬೀನು ಹಾಕಿಯೇ ನೋಡಬೇಕಾಗುತ್ತದೆ. ಎರಡು ವರ್ಷದ ಮೇಲೆ, ಬಸಿರಿನಲ್ಲಿ ಬಂದರೂ ‘ಗ್ಯಾಸು’ ಎಂದು ಜೀರಿಗೆ ಕಷಾಯ ಕುಡಿದು ಮಲಗುವ ನೋವಲ್ಲ ಅದು.

ಬಸಿರಿನ ಮಾತು ಬಂತು. ಆಪರೇಷನ್ ಆಗಿ 12ರಿಂದ 18 ತಿಂಗಳು ಬಸಿರು ಬೇಡ, ಬೈಪಾಸ್ ಆದವರು ಗರ್ಭನಿರೋಧಕ ಮಾತ್ರೆಯೊಂದನ್ನೇ ನಂಬುವುದೂ ಬೇಡ. ಆಮೇಲೆ ಬಸಿರಾದಾಗ ತಪಾಸಣೆಯಲ್ಲಿ 75 ಗ್ರಾಂ ಗ್ಲೂಕೋಸ್ ಕಲಸಿ ಕುಡಿಸುವ ಪರೀಕ್ಷೆ ಇದೆ, ಎಲ್ಲ ಗರ್ಭಿಣಿಯರಿಗೂ ಮಾಡುತ್ತಾರೆ. ಬೈಪಾಸ್ ಆದವರಿಗೆ ಅದು ಕಬ್ಬಿನಹಾಲಿಗಿಂತ ಕಡೆ. ‘ಅಕ್ಕಾ, ನನಗೆ ಹೊಟ್ಟೆ ಆಪರೇಷನ್ ಆಗಿದೆ’ ಎಂದು ನರ್ಸಮ್ಮನಿಗೆ ಮೊದಲೇ ಹೇಳಿದರೆ, ಬದಲಿಗೆ ಮನೆಯಲ್ಲೇ ಒಂದು ವಾರ ಬೆರಳು ಚುಚ್ಚಿ ಸಕ್ಕರೆ ನೋಡಿ ಬರೆದಿಡುವ ದಾರಿಯಿದೆ.

ರಕ್ತಪರೀಕ್ಷೆಗೆ ಘಟ್ಟ ಹತ್ತಬೇಕಾಗಿಲ್ಲ. ಮೂರು, ಆರು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಡಿ, ಕ್ಯಾಲ್ಸಿಯಂ, ಪಿ.ಟಿ.ಎಚ್. (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನು), ಅಲ್ಬುಮಿನ್ (ರಕ್ತದ ಪ್ರೋಟೀನ್) ನೋಡಿಸಿ ವರದಿ ಫೋನಿನಲ್ಲಿ ಕಳಿಸಬಹುದು. ಪಥ್ಯದ ಮಾತಿಗೆ ವಿಡಿಯೋ ಕಾಲ್ ಚೆನ್ನಾಗಿಯೇ ನಡೆಯುತ್ತದೆ. ಪ್ಯಾಕೇಜಿಗೆ ಒಪ್ಪುವ ಮುಂಚೆ ಈ ಎರಡು ಸೌಲಭ್ಯ ಎಷ್ಟು ವರ್ಷ, ಯಾರ ಹತ್ತಿರ, ರಾತ್ರಿ ಫೋನ್ ಎತ್ತುವವರು ಯಾರು ಎಂದು ಬರವಣಿಗೆಯಲ್ಲೇ ತಗೊಳ್ಳಿ. ಕೊಡದಿದ್ದರೆ ಆ ಪ್ಯಾಕೇಜ್ ಘಟ್ಟದ ಕೆಳಗಿನವರಿಗಲ್ಲ. ಕಪ್ಪಿಗೆ ಐದಕ್ಕೆ ಐದು, ಇಂಜೆಕ್ಷನ್ನಿಗೆ ನಾಲ್ಕು, ಪಥ್ಯದ ಹಾಳೆಗೆ ಎರಡೂವರೆ, ಪ್ರೋಟೀನ್ ಡಬ್ಬಿಗೆ ಒಂದು. ಫೈಲಿಗೆ ಸೊನ್ನೆ ಕೊಡುವ ಮನಸ್ಸಿತ್ತು. ಆಪರೇಷನ್ನಿನ ವಿವರವನ್ನು ಓದಲು ಬರುವ ಅಕ್ಷರದಲ್ಲಿ ಬರೆದ ಪುಣ್ಯಕ್ಕೆ ಒಂದು.

ಚೀಲದ ಹೊರಗಿನ ಕಿಸೆಯಲ್ಲಿ ಕೊನೆಗೊಂದು ಅಭಿಪ್ರಾಯದ ಫಾರ್ಮು ಸಿಕ್ಕಿತು. ಕೋಣೆ ಚೊಕ್ಕಟವಿತ್ತೇ, ಸಿಬ್ಬಂದಿ ನಗುಮುಖದಿಂದ ಮಾತಾಡಿದರೇ, ಎ.ಸಿ. ಸರಿಯಿತ್ತೇ. ಭರ್ತಿ ಮಾಡಿ ಡಿಸ್ಚಾರ್ಜ್ ದಿನವೇ ಕೌಂಟರಿನಲ್ಲಿ ಕೊಟ್ಟು ಹೋಗಬೇಕಂತೆ.